ತೊಂಬತ್ತಾರು ಡಿಗ್ರಿ

ಸೆನ್ಸರ್ ಕೆಟ್ಟಿದೆ, ಅಷ್ಟೇ. ಎಲ್ಲರೂ ಅದನ್ನೇ ಹೇಳ್ತಾರೆ. ಚಾಂದನಿ ಮಾರ್ಕೆಟ್ಟಿನ ರಿಪೇರಿ ಅಂಗಡಿಯವನು ಮುಟ್ಟಿಯೂ ನೋಡದೆ, "ಪುಂಡಲೀಕ ಬಾಬು, ಸೆನ್ಸರ್ ಗಯಾ" ಅಂದ. ಪಕ್ಕದ ಫ್ಲ್ಯಾಟಿನ ನರಹರಿಯೂ ತಲೆಯಾಡಿಸಿದ. ನೀನೂ ಫೋನಿನಲ್ಲಿ ಅದನ್ನೇ ಅಂದೆಯಲ್ಲ ವಿಖ್ಯಾತ್? ಜನವರಿ ತಿಂಗಳು, ಬಾಲಿಗಂಜ್ ಇಡೀ ಮಂಕಿ ಕ್ಯಾಪ್ ಹಾಕಿಕೊಂಡು ಓಡಾಡ್ತಾ ಉಂಟು. ಈ ಲ್ಯಾಪ್‌ಟಾಪ್ ಮಾತ್ರ ತೊಂಬತ್ತಾರು ಡಿಗ್ರಿ ಅಂತ ತೋರಿಸಿ ಆಫ್ ಆಗ್ತದೆ. ನಂಬುವ ಮಾತಾ?

ನಗಬೇಡ. ಬ್ಯಾಂಕಿಗೆ ಸೇರುವ ಮೊದಲು ನಾನೂ ಫಿಸಿಕ್ಸ್ ಓದಿದವನೇ.

ಎಂತ, ಸಾಲ್ಟ್ ಲೇಕಿಗೆ ತಕ್ಕೊಂಡು ಹೋಗ್ತೀಯಾ? ಬೇಡ. ನಿನ್ನ ಆಫೀಸು ಬೇಡ, ಸರ್ವೀಸ್ ಸೆಂಟರೂ ಬೇಡ. ಇಲ್ಲೇ ಮಾಡು, ಈಗಲೇ ಮಾಡು. ಹನ್ನೆರಡು ಗಂಟೆಗೆ ನನಗೆ ಬೇಕು. ಯಾಕೆ ಅಂದರೆ... ಷೇರು ನೋಡಲಿಕ್ಕೆ.

ಇವತ್ತು ಭಾನುವಾರ ಅಂತ ನನಗೂ ಗೊತ್ತು ಮಾರಾಯ. ಹಳೇ ರೇಟು ನೋಡಬಾರದಾ?

ಕಡಿಮೆ ತೋರಿಸುವ ಸಾಫ್ಟ್‌ವೇರ್ ಇದ್ದರೆ ಹಾಕು. ಇಲ್ಲದಿದ್ದರೆ ಆ ಆಫ್ ಆಗುವುದನ್ನೇ ಆಫ್ ಮಾಡು. ಸುಟ್ಟು ಹೋದರೆ ಹೋಗಲಿ, ಆಮೇಲೆ ಹೋಗಲಿ. ಒಂದು ಗಂಟೆ ನಡೆದರೆ ಸಾಕು. ಅರ್ಧ ಗಂಟೆ...

ಎಲ್ಲಿ ಇಡ್ತೇನೆ ಅಂದರೆ? ಮೇಜಿನ ಮೇಲೆ. ಕೆಳಗೆ ಗಾಳಿ ಆಡಲಿಕ್ಕೆ ಎರಡು ಪುಸ್ತಕ. ನೀನೇ ಹೇಳಿಕೊಟ್ಟದ್ದು. ಹಾಸಿಗೆಯ ಮೇಲೆ ಇಟ್ಟೇ ಇಲ್ಲ.

ಆ ಕ್ಯಾಮೆರಾ? ಅಂಗಡಿಯವನು ಪುಕ್ಕಟೆ ಕೊಟ್ಟ, ಸಿಕ್ಕಿಸಿದೆ. ಹಾಗೆ ನೋಡಬೇಡ. ನಿನ್ನ ಅಕ್ಕನ ಹೆಸರು ಬಾಯಿಗೆ ಬಂತು, ಅಲ್ವಾ? ನುಂಗು. ನಮಗೆ ಒಂದು ಮಾತೂ ಹೇಳದೆ ಬಂಗಾಳಿಯನ್ನು ಕಟ್ಟಿಕೊಂಡು ದೆಹಲಿಗೆ ಹೋದವಳು. ಈ ಮನೆಯಲ್ಲಿ ಅನ್ವಿತಾ ಅಂತ ಯಾರು ಹೆಸರೆತ್ತಿದರೂ ಅವರ ಕೈಯ ಊಟ ಮುಟ್ಟುವುದಿಲ್ಲ ಅಂತ ಅವತ್ತೇ ಹೇಳಿದ್ದೇನೆ. ಎರಡು ದುರ್ಗಾಪೂಜೆ ಕಳೆಯಿತು, ನಿನ್ನ ಅಮ್ಮ ಒಮ್ಮೆಯೂ ಆ ಹೆಸರು ಎತ್ತಿಲ್ಲ. ಅವಳು ಮಾತಿಗೆ ತಪ್ಪದ ಹೆಂಗಸು.

ಮೆಲ್ಲ ಬಿಚ್ಚು, ಸ್ಕ್ರೂ ಎಲ್ಲಾದರೂ ಉರುಳೀತು.

ಎಂತ ಸಿಕ್ಕಿತು? ಧೂಳು ತಾನೇ? ಕಲ್ಕತ್ತಾದಲ್ಲಿ ಧೂಳಿಲ್ಲದ ವಸ್ತು ಯಾವುದುಂಟು... ಹತ್ತಿಯಾ? ಹೌದು, ಹತ್ತಿಯ ಹಾಗೆ ಉಂಟು. ಕೆಂಪು ಎಳೆಯೂ ಉಂಟು. ಫ್ಯಾನಿನ ತುಂಬಾ ಅದೇ.

ಮಂಚವನ್ನು ಯಾಕೆ ನೋಡ್ತೀಯಾ? ಅದು ಲೇಪ್. ಹತ್ತಿ ತುಂಬಿದ ಕೆಂಪು ರಜಾಯಿ, ಈ ಊರಿನಲ್ಲಿ ಎಲ್ಲರ ಮನೆಯಲ್ಲೂ ಇರ್ತದೆ. ಚಳಿಗೆ ಹೊದೆಯುವುದು.

ಆ ಎಳೆಯನ್ನು ಅದರ ಪಕ್ಕ ಹಿಡಿದು ನೋಡುವುದು ಎಂತಕ್ಕೆ?

...ಆ ಬಾಗಿಲು ಮುಚ್ಚು. ಅಮ್ಮ ಅಡುಗೆಮನೆಯಲ್ಲಿ ಇದ್ದಾಳೆ.

ಅವಳು ಕಾಫಿ ಹಿಡಿದುಕೊಂಡು ಬರುವಾಗ ಎಲ್ಲಿ ಅಡಗಿಸಲಿ ಇದನ್ನು? ಆಫ್ ಮಾಡಿದರೆ ಮತ್ತೆ ವಿಡಿಯೋ ಕಾಲ್ ಶುರುವಾಗುವಷ್ಟರಲ್ಲಿ ನಿನ್ನ ಅಕ್ಕನ ಮಗು ಮಲಗಿಬಿಡ್ತದೆ. ಹಾಗಾಗಿ ಹಾಗೇ ಲೇಪಿನ ಒಳಗೆ ತುರುಕುವುದು. ಅವಳು ಲೋಟ ತಕ್ಕೊಂಡು ಹೋಗುವವರೆಗೆ ಮೇಲೆ ಕೈ ಇಟ್ಟುಕೊಂಡು ಕೂತುಕೊಳ್ಳುವುದು. ಕೈಗೆ ಬಿಸಿ ತಾಗ್ತಿತ್ತು. ಚಳಿಗೆ ಹಿತವೇ ಇತ್ತು.

ಇವತ್ತು ಮಗುವಿಗೆ ಮೊದಲ ಅನ್ನ. ಬಂಗಾಳಿಗಳು ಮುಖೇಭಾತ್ ಅಂತ ಮಾಡ್ತಾರಲ್ಲ, ಅದು. ಹನ್ನೆರಡಕ್ಕೆ. ಮೊದಲ ತುತ್ತು ಸೋದರಮಾವ ತಿನ್ನಿಸಬೇಕಂತೆ ಅವರಲ್ಲಿ. ಅಂದರೆ ನೀನು. ಮಾವ ಎಲ್ಲಿ ಅಂತ ಅವರ ಮನೆಯವರು ಕೇಳಿದರೆ ಎಂತ ಹೇಳಲಿ ಅಪ್ಪಾ ಅಂತ ಮೊನ್ನೆ ಅವಳು... ನಾನು ಉತ್ತರ ಕೊಡುವಷ್ಟರಲ್ಲಿ ಇದು ಆಫ್ ಆಯಿತು.

ಅಮ್ಮನಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ? ಅವಳು ಮೊಮ್ಮಗುವಿನ ಹೆಸರೂ ಕೇಳಿಲ್ಲ.

ಹತ್ತಿ ಪೂರ್ತಿ ತೆಗೆದೆಯಾ? ಆನ್ ಮಾಡು. ಎಷ್ಟು ತೋರಿಸ್ತದೆ ಈಗ? ಐವತ್ತೊಂದು... ಐವತ್ತೊಂದೇ.

ಎಲ್ಲಿಗೆ ಎದ್ದೆ? ಬಾಗಿಲು ತೆರೀಬೇಡ. ವಿಖ್ಯಾತ್.

...ಸರಿ, ತೆರೆ. ಅಮ್ಮನನ್ನು ಕರೆ. ಅವಳಿಗೆ ನೀನೇ ಹೇಳು. ಸೆನ್ಸರ್ ಕೆಟ್ಟಿರಲಿಲ್ಲ.