ಕೋರ್ಟಿಗೆ ಮುಂಚೆ ಒಂದು ಕ್ಷೌರ

ಅಲುಗಾಡಬೇಡಿ ಅಳಿಯಂದ್ರೇ! ಕತ್ತಿ ಗಂಟಲ ಹತ್ತಿರ ಇದೆ. ಕೋರ್ಟು ಎಲ್ಲಿಗೂ ಓಡಿಹೋಗಲ್ಲ. ಈ ಗಡ್ಡ ಹೊತ್ಕೊಂಡು ಜಡ್ಜ್ ಮುಂದೆ ನಿಂತ್ರೆ, ನನ್ನ ಮಗಳೇ ನಿಮ್ಮನ್ನ ಹೀಗೆ ಮಾಡಿದ್ಲು ಅಂದ್ಕೋತಾರೆ... ನಗಬೇಡಿ ಅಂದೆ!

ಇಡೀ ದಿನ ಬಸ್ಸಲ್ಲಿ ಟಿಕೆಟ್ ಟಿಕೆಟ್ ಅಂತ ಕೂಗೋರು. ಕಂಡಕ್ಟರ್ ಬಾಯಿ ಮುಚ್ಚಿಸೋಕೆ ನನ್ನ ನೊರೆಯೇ ಬೇಕು.

ಕೇಳಿ. ನಿಮ್ಮ ವಕೀಲರು ಇದೇ ಕುರ್ಚೀಲಿ ಕೂತು ಹೇಳಿದ್ದು. ಕಾಯೋ ಆರು ತಿಂಗಳು ಮುಗೀತು. ಇವತ್ತು ಒಂದೇ ಪ್ರಶ್ನೆ. ನೀವಾಗೇ ಒಪ್ಪಿದ್ರಾ, ಯಾರಾದ್ರೂ ಬಲವಂತ ಮಾಡಿದ್ರಾ? ಅವಳನ್ನೂ ಕೇಳ್ತಾರೆ, ನಿಮ್ಮನ್ನೂ ಕೇಳ್ತಾರೆ. ಇಬ್ಬರೂ ನಾವಾಗೇ ಒಪ್ಪಿದ್ದು ಅಂದ್ರೆ ವಿಚ್ಛೇದನ ಆದ ಹಾಗೆ. ಅಲ್ಲೀವರೆಗೆ ನೀವು ಅಳಿಯ, ಕ್ಷೌರ ಪುಕ್ಕಟೆ. ನಾಳೆಯಿಂದ ಬರೀ ಗಿರಾಕಿ. ಸರದೀಲಿ ಕೂರಬೇಕು.

ಹುಬ್ಬು ಯಾಕೆ ಹಾರಿಸ್ತೀರಿ? ಓಹೋ, ಇನ್ನೊಂದು ಮದುವೆನಾ? ಅದಕ್ಕೂ ಒಂದಷ್ಟು ದಿನ ತಡೀಬೇಕಂತೆ. ಅವಸರ ನೋಡು!

ನನ್ನ ಮಗಳಾ? ಚೆನ್ನಾಗಿದಾಳೆ. ಉಣ್ತಾಳೆ, ಮಲಗ್ತಾಳೆ. ಬೆಳಿಗ್ಗೆ ಕೋರ್ಟಿಗೆ ಹೊರಟಾಗ ನಿಮ್ಮ ಕೊಡೆ ತಗೊಂಡು ಹೋದ್ಲು. ಮನೇಲಿ ಬೇರೆ ಕೊಡೆ ಇತ್ತು. ನಾನು ಕೇಳಲಿಲ್ಲ.

ನನಗೇನು? ನೀವುಂಟು, ಅವಳುಂಟು, ಜಡ್ಜ್ ಉಂಟು... ತಡೀರಿ, ಈ ಕೆನ್ನೇಲಿ ಸ್ವಲ್ಪ ಉಳೀತು. ಇನ್ನೊಂದ್ಸಲ ನೊರೆ ಹಚ್ತೀನಿ.

ಒಬ್ಬರು ಬರದೇ ಹೋದ್ರೆ? ಏನಿಲ್ಲ, ಇನ್ನೊಂದು ತಾರೀಖು ಕೊಡ್ತಾರೆ. ಮತ್ತೆ ಕಾಯೋದು. ಏನು ಹಾಗೆ ನೋಡ್ತೀರಿ? ನೀವು ಕೇಳಲಿಲ್ವಾ? ಸರಿ, ನಾನೇ ಹೇಳಿದೆ. ಗಲ್ಲ ಎತ್ತಿ.

ಹಾಂ. ಆಯ್ತು. ಮುಖ ಒರೆಸಿದೆ. ಇನ್ನು ಬಾಯಿ ಬಿಡಬಹುದು.

ಏನು? ಏಳಿ... ಕೆನ್ನೆ ಯಾಕೆ ಸವರ್ಕೋತೀರಿ? ಉರೀತಿದ್ಯಾ? ಕನ್ನಡೀಲಿ ನನ್ನ ಮುಖ ಯಾಕೆ ನೋಡ್ತೀರಿ?

ಬೆರಳು ಎತ್ತಿ ತೋರಿಸ್ತೀರಾ ಅಳಿಯಂದ್ರೇ? ಮೂರಾ?

ಹೌದು. ಮೂರು ಸಲ ನೊರೆ ಹಚ್ಚಿದೆ. ಅದೇ ಕೆನ್ನೆಗೆ.

ಎಣಿಸಿದ್ರಾ? ಎಣಿಸಿಯೂ ಸುಮ್ಮನೆ ಕೂತಿದ್ರಾ?

ಹೊತ್ತು ಮೀರಿತು. ನಿಮ್ಮ ಹೆಸರು ಕೂಗಿ ಆಗಿರುತ್ತೆ.

ಫೋನು... ಅವಳೇ. ಹೇಳು ಮಗಳೇ. ಇಲ್ಲೇ ಇದಾರೆ. ಹಾಂ. ಹಾಂ... ಬೈತಿದಾಳೆ ಅಳಿಯಂದ್ರೇ. ನನಗಲ್ಲ. ತಗೊಳ್ಳಿ.

ತಾರೀಖು ಮುಂದಕ್ಕೆ ಹೋಯ್ತಂತೆ.