ಮುನೇಶ್ವರನಿಗೆ ಒಪ್ಪಿಸಿದ ಬೀಡಿ

ಹೆಬ್ಬಾಳದ ಕೆರೆ ಏರಿಯ ಮೇಲೆ ಬಸ್ಸಿಗೆ ಕಾಯುತ್ತಿದ್ದ ನರಸಿಂಹಯ್ಯನವರ ಪಕ್ಕದಲ್ಲಿ ಕೊಡಿಗೇಹಳ್ಳಿಯ ಇಬ್ಬರು ಗೆಳೆಯರು ನಿಂತಿದ್ದರು. ಅವರಲ್ಲಿ ಮುನಿರಾಮಯ್ಯ ಒಮ್ಮೆ ಕೆಮ್ಮಿದ. ಕೆರೆಯ ಕೊಕ್ಕರೆಗಳೆಲ್ಲ ಎದ್ದು ಯಲಹಂಕದ ಕಡೆ ಹೋದವು.

“ಉಗಾದಿಗೇ ಬೀಡಿ ಬಿಟ್ಯಲ್ಲೋ, ಇನ್ನೂ ಯಾಕ್ಲಾ ಇಂಗ್ ಕೆಮ್ತೀಯ?” ಎಂದ ಲಕ್ಕಣ್ಣ. “ನಿನ್ ಎದೆ ತಡೆಯಲ್ಲ ಅಂತ ಡಾಕ್ಟ್ರು ಯೋಳವ್ರೆ.”

“ನೀನ್ ಯೋಳ್ದಂಗೆ ಬೀಡೀನ ಮುನೇಶ್ವರಂಗೇ ಒಪ್ಪಿಸ್ಬಿಟ್ಟೆ ಕಣಣ್ಣ. ದಿನಾ ಗುಡಿಗೋಗಿ ಇಟ್ಟು ಬತ್ತೀನಿ.”

“ಒಳ್ಳೇದಾಯ್ತು. ನಿಂಗ್ ಜೊತೆಯಾಗ್ಲಿ ಅಂತ ನಾನೂ ಬಿಟ್ಟೆ. ಈಗ ಏರಿ ಅತ್ತಿದ್ರೂ ಏದುಸ್ರಿಲ್ಲ ನೋಡು.”

ಮುನಿರಾಮಯ್ಯ ತನ್ನ ಚಪ್ಪಲಿ ನೋಡಿಕೊಂಡ.

“ಅಣ್ಣಾ, ಸ್ವಾಮಿಗೆ ಬೀಡೀಗೆ ಬೆಂಕಿ ಅಚ್ಚೇ ಇಡ್ಬೇಕಲ್ವಾ?”

“ಊಂ, ಅಚ್ಚೇ ಇಡ್ಬೇಕು.”

“ಬಾಯಲ್ಲಿ ಎಳೀದೆ ಅದು ಅತ್ಕೊಳಲ್ಲ.”

ಲಕ್ಕಣ್ಣ ಅವನ ಕಡೆ ತಿರುಗಿದ.

“ದಿನಕ್ಕೆಷ್ಟು ಇಡ್ತೀಯ?”

“ಒಂದ್ ಕಟ್ಟು.”

“ಮುನೇಶ್ವರ ಅಷ್ಟೊಂದ್ ಸೇದ್ತಾನೇನ್ಲಾ?”

“ಗಾಳಿಗೆ ಆರೋಗ್ತದೆ, ತಿರ್ಗಾ ಅಚ್ಬೇಕು… ನಿನ್ ಮಕ ನೋಡೋಕೇ ನಾಚ್ಕೆ ಆಯ್ತದೆ ಕಣಣ್ಣ.”

ಬಸ್ಸು ಬಂತು. ಲಕ್ಕಣ್ಣ ಕೈ ಚಾಚಿದ. ಮುನಿರಾಮಯ್ಯ ಸೊಂಟದಿಂದ ಬೀಡಿ ಕಟ್ಟು ತೆಗೆದು ಅವನ ಕೈಗಿಟ್ಟ.

“ನಾಳೆಯಿಂದ ಸ್ವಾಮಿಗೆ ನಾನೇ ಇಡ್ತೀನಿ.”

“ಬ್ಯಾಡಣ್ಣ! ನೀನೂ ಬಿಟ್ಟಿದ್ದೀಯ.”

“ಒಲೆಯಿಂದ ಕೆಂಡ ತಗೊಂಡೋಗಿ ಅಚ್ತೀನಿ. ಸ್ವಾಮಿಗೆ ಒಂದೇ ಸಾಕು. ನೀನು ಪಕ್ಕದಾಗೆ ಕೈ ಮುಗ್ದು ನಿಂತ್ಕೋ.”

“ಅಷ್ಟೇನಾ?”

“ಬಾಯಿ ಮುಚ್ಕೊಂಡು.”

ಇಬ್ಬರೂ ಬಸ್ಸು ಹತ್ತಿ ಹೋದರು. ನರಸಿಂಹಯ್ಯನವರು ತಮ್ಮ ಬಸ್ಸಿಗೆ ಕಾಯುತ್ತ ಅಲ್ಲೇ ಉಳಿದರು. ಕೊಕ್ಕರೆಗಳು ಮಾತ್ರ ಇನ್ನೂ ಯಲಹಂಕದಿಂದ ವಾಪಸು ಬಂದಿರಲಿಲ್ಲ.