ಉಣ್ಣೆಯಲ್ಲಿಟ್ಟ ಬೆಳ್ಳಿ

ಬನ್ನಿ, ಕೂತ್ಕೊಳ್ಳಿ. ಕೈಯಲ್ಲಿ ಕೆಲಸ ಇದ್ದೋರು ಕೆಲಸ ಮಾಡ್ತಾ ಕೇಳಿ, ಇಲ್ದೋರು ಸುಮ್ನೆ ಕೇಳಿ. ನೀವು ಹೂಂ ಅಂತಿದ್ರೆ ನನ್ನ ಕಥೆ ನಡೀತದೆ, ಹೂಂ ಅನ್ನದಿದ್ರೆ ನಡುದಾರೀಲಿ ಕೂತ್ಬಿಡ್ತದೆ. ಆಮೇಲೆ ನನ್ನನ್ನ ಬೈಬೇಡಿ.

ಯಾವ ಸೀಮೆ ಅಂತ ಕೇಳ್ಬೇಡಿ, ಯಾವ ದೊರೆ ಅಂತ ಕೇಳ್ಬೇಡಿ, ಯಾವ ಕಾಲ ಅಂತ ಮೊದಲೇ ಕೇಳ್ಬೇಡಿ. ಒಂದು ಸೀಮೇಲಿ ಒಂದು ಹಟ್ಟಿ ಇತ್ತು. ಇಪ್ಪತ್ತು ಮನೆ, ಇಪ್ಪತ್ತು ಮಗ್ಗ. ಎಲ್ಲಾ ಕಂಬಳಿ ನೇಯೋ ಜನ. ಅವರಲ್ಲಿ ಒಬ್ಬ ಚಿತ್ತಯ್ಯ, ಅವನ ಹೆಂಡತಿ ದ್ಯಾಮಕ್ಕ. ಚಿತ್ತಯ್ಯ ಒಳ್ಳೇ ಮನುಷ್ಯ, ಆದರೆ ಯಾರು ಏನು ಹೇಳಿದ್ರೂ ಹೌದು ಅನ್ನೋನು. ಬೆಳಿಗ್ಗೆ ಒಬ್ಬರು ಹೇಳಿದ್ದಕ್ಕೆ ಹೌದು, ಮಧ್ಯಾಹ್ನ ಇನ್ನೊಬ್ಬರು ಅದಕ್ಕೆ ಎದುರು ಹೇಳಿದ್ರೆ ಅದಕ್ಕೂ ಹೌದು. ಸಂಜೆ ಹೊತ್ತಿಗೆ ತಲೆ ಹಿಡ್ಕೊಂಡು ಕೂರೋನು. ನಗಬೇಡಿ, ನಿಮ್ಮಲ್ಲೂ ಇದ್ದಾರೆ.

ಈ ಗಂಡಹೆಂಡಿರಿಗೆ ಮಗ್ಗ ಇತ್ತು, ಕುರಿ ಇರಲಿಲ್ಲ. ಉಣ್ಣೆ ಬರ್ತಿದ್ದದ್ದು ಕುರಿಗಳ ಒಡೆಯ ಜಂಪಣ್ಣನಿಂದ. ಮೂರು ಕಂಬಳಿ ನೇಯ್ದರೆ ಎರಡು ಜಂಪಣ್ಣಂಗೆ, ಒಂದು ಇವರಿಗೆ. ಅಜ್ಜನ ಕಾಲದಿಂದ ಹಂಗೇ. ದ್ಯಾಮಕ್ಕಂಗೆ ಒಂದೇ ಆಸೆ. ಹನ್ನೆರಡು ಹೆಣ್ಣು ಕುರಿ ತಮ್ಮದೇ ಆಗಬೇಕು, ಅವುಗಳ ಉಣ್ಣೇಲಿ ಮೂರು ನೇಯ್ದರೆ ಮೂರೂ ತಮ್ಮದಾಗಬೇಕು.

ಕಂಬಳಿ ಮಾರಿದ ದುಡ್ಡು ಕೈಯಲ್ಲಿ ನಿಲ್ಲುತ್ತಾ? ಅತ್ತಿಗೆ ಬಂದ್ಲು, ಹೋಯ್ತು. ಜ್ವರ ಬಂತು, ಹೋಯ್ತು. ಹಬ್ಬ ಬಂತು, ಉಳಿದದ್ದೂ ಹೋಯ್ತು. ಅದಕ್ಕೆ ಹೊಳೆಯಾಚೆ ಪೇಟೆಯ ಅಕ್ಕಸಾಲಿ ಮೋನಾಚಾರಿ ಒಂದು ದಾರಿ ಹೇಳಿದ.

"ಕಂಬಳಿ ಮಾರಿದಾಗೆಲ್ಲ ನನ್ನ ಹತ್ರ ಒಂದು ಬೆಳ್ಳಿ ನಾಣ್ಯ ತಗೊಂಡ್ಹೋಗಮ್ಮ. ಅಪ್ಪಟ ಬೆಳ್ಳಿ, ತೂಕಕ್ಕೆ ತೂಕ. ಇಲಿ ತಿನ್ನಲ್ಲ, ಗೆದ್ದಲು ಹಿಡಿಯಲ್ಲ, ಚಿಲ್ಲರೆ ಥರ ಖರ್ಚಾಗಲ್ಲ. ವರ್ಷ ಕಳೆದಂಗೆ ಬೆಲೆ ಏರ್ತದೆ. ಇವತ್ತು ಒಂದು ಕುರಿಗೆ ಎರಡು ನಾಣ್ಯ ಕೇಳ್ತಾರಲ್ಲ, ಕಾಯಿ, ಒಂದಕ್ಕೇ ಬರ್ತದೆ."

ದ್ಯಾಮಕ್ಕ ಒಂದು ಕಂಬಳಿ ಮಾರಿದಳು, ಒಂದು ನಾಣ್ಯ ತಂದಳು. ಇನ್ನೊಂದು ಮಾರಿದಳು, ಇನ್ನೊಂದು ತಂದಳು. ಮತ್ತೊಂದು ಮಾರಿದಳು, ಮತ್ತೊಂದು ತಂದಳು. ಅವಳನ್ನ ನೋಡಿ ಹಟ್ಟಿಯ ಹೆಂಗಸರೆಲ್ಲ ಹಂಗೇ ಮಾಡಿದರು. ಆ ಹಟ್ಟಿಗೆ ಬೆಳ್ಳಿ ಕಾಲಿಟ್ಟಿದ್ದು ಅದೇ ಮೊದಲು. ಕಾಲುಂಗುರ ಕೂಡ ಹಿತ್ತಾಳೇದೇ ಹಾಕ್ತಿದ್ದ ಜನ ಅವರು.

ಸರಿ, ಬೆಳ್ಳಿ ಬಂತು. ಎಲ್ಲಿಡೋದು? ಆ ಜನಕ್ಕೆ ಗೊತ್ತಿದ್ದ ಒಳ್ಳೇ ಜಾಗ ಒಂದೇ. ಕುರಿಮರಿಯಿಂದ ಮೊದಲ ಸಲ ಕತ್ತರಿಸಿದ ಉಣ್ಣೆ. ಹುಟ್ಟಿದ ಕೂಸನ್ನ ಅದರಲ್ಲೇ ಸುತ್ತೋರು. ಬೆಳ್ಳೀನೂ ಕೂಸಿನ ಹಂಗೆ ಸುತ್ತಿದರು. ಒಂದೊಂದು ನಾಣ್ಯಕ್ಕೆ ಒಂದೊಂದು ಉಣ್ಣೆ ಉಂಡೆ, ಮೇಲೆ ದಾರ, ಆಮೇಲೆ ಮಡಿಕೆ, ಅಟ್ಟ. ಮಲಗಿರೋ ಕೂಸನ್ನ ಯಾರಾದ್ರೂ ಎಬ್ಬಿಸ್ತಾರಾ? ಹಂಗೇ ಅದನ್ನೂ ನಡುವೆ ಬಿಚ್ಚೋ ಹಂಗಿರಲಿಲ್ಲ.

ಮೂರು ವರ್ಷ ಆಯ್ತು. ಹನ್ನೆರಡು ಉಂಡೆ ಆದವು. ಜಂಪಣ್ಣ ಬಂದು ಹೇಳಿದ, "ದ್ಯಾಮಕ್ಕ, ಬೆಳ್ಳಿ ಬೆಲೆ ಏರೈತೆ. ಕುರಿಗೊಂದು ನಾಣ್ಯ, ಹನ್ನೆರಡಕ್ಕೆ ಹನ್ನೆರಡು. ಆದ್ರೆ ನಾಳಿದ್ದು ನಾನು ಮಂದೆ ಹೊಡ್ಕೊಂಡು ತೆಂಕಲ ಸೀಮೆಗೆ ಹೋಗ್ತೀನಿ. ನಾಳೆ ತಗೊಂಡ್ರೆ ನಿಂದು. ಇಲ್ಲಾಂದ್ರೆ ದಾರೀಲಿ ಬೇರೆಯೋರಿಗೆ ಕೊಡ್ತೀನಿ."

ದ್ಯಾಮಕ್ಕ ಅವತ್ತು ಮಗ್ಗದ ಮುಂದೆ ಕೂತು ಹಾಡಿಕೊಂಡಳು. ಎಷ್ಟೋ ವರ್ಷದ ಮೇಲೆ ಹಾಡಿದ್ದು.

ಈಗ ಕೇಳಿ, ಇಲ್ಲಿಂದ ಗೋಜಲು ಶುರು.

ಹಿಂದಿನ ವರ್ಷ ಆ ಹಟ್ಟಿಗೆ ಕುದುರೆ ಮೇಲೆ ಒಬ್ಬ ಸಾಹುಕಾರ ಬಂದಿದ್ದ. ಯಾವೂರೋನೋ, ದೊಡ್ಡ ರುಮಾಲು, ಬೆಣ್ಣೆಯಂಥ ಮಾತು. ಇವರು ಬೆಳ್ಳೀನ ಉಣ್ಣೇಲಿ ಸುತ್ತೋದು ನೋಡಿದ. ನೋಡಿ ಒಳಗೇ ನಕ್ಕ. ಹಟ್ಟಿಯ ಯಜಮಾನ ಬೋರಯ್ಯನ ಕೈಗೆ ತನ್ನದೊಂದು ಬಿಳೀ ನಾಣ್ಯ ಪುಕ್ಕಟೆ ಕೊಟ್ಟು, "ಇದನ್ನೂ ಉಣ್ಣೇಲಿ ಇಡಿ ಯಜಮಾನ್ರೇ. ಬರೋ ವರ್ಷ ಬರ್ತೀನಿ, ನಿಮ್ಮದೂ ನನ್ನದೂ ಒಟ್ಟಿಗೆ ಬಿಚ್ಚೋಣ" ಅಂದು ಹೋದ.

ಈ ವರ್ಷ ಸರಿಯಾಗಿ ಅದೇ ದಿನ ಬಂದ. ಚಾವಡಿಗೆ ಜನ ಸೇರಿದರು. ಬೋರಯ್ಯ ಸಾಹುಕಾರನ ನಾಣ್ಯ ಬಿಚ್ಚಿದ. ಬೆಳ್ಳಗೆ ಪಳಪಳ ಅಂತು. ಅಕ್ಕಸಾಲಿ ಹತ್ರ ತಂದಿದ್ದ ತನ್ನ ನಾಣ್ಯ ಬಿಚ್ಚಿದ. ಕರೀ ಹೆಂಚಿನ ಚೂರಿನ ಹಂಗಿತ್ತು. ಜನ ಮನೆಗೆ ಓಡಿದರು, ಅವರವರ ಉಂಡೆ ಬಿಚ್ಚಿದರು. ಆ ಮನೇಲೂ ಕರಿ, ಈ ಮನೇಲೂ ಕರಿ, ಎಲ್ಲಾ ಮನೇಲೂ ಕರಿ.

ನಿಮಗೆ ಗೊತ್ತು, ಅದಕ್ಕೇ ಬಾಯಿ ಮುಚ್ಕೊಂಡು ನಗ್ತಿದ್ದೀರ. ಬೆಳ್ಳೀನ ಉಣ್ಣೇಲಿಟ್ರೆ ಕರಿ ಹತ್ತುತ್ತೆ ಅಂತ ನಿಮ್ಮಜ್ಜಿ ಹೇಳಿದ್ದಾಳೆ. ಅವರ ಅಜ್ಜಿ ಬೆಳ್ಳೀನೇ ನೋಡಿರಲಿಲ್ಲವಲ್ಲ, ಪಾಪ, ಏನು ಹೇಳ್ತಾಳೆ?

ದ್ಯಾಮಕ್ಕ ಹುಣಿಸೆಹಣ್ಣು ಆಯೋಕೆ ತೋಪಿಗೆ ಹೋಗಿದ್ದಳು. ಚಿತ್ತಯ್ಯ ಒಬ್ಬನೇ ಹನ್ನೆರಡು ಉಂಡೆ ಬಿಚ್ಚಿದ. ಹನ್ನೆರಡೂ ಕರಿ. ಪಕ್ಕದ ಮನೆ ಮುದುಕೀನ ಕೇಳಿದ. "ಯಾರದೋ ಕೆಟ್ಟ ಕಣ್ಣು ಬಿದ್ದೈತೆ ಕಣಪ್ಪ" ಅಂದಳು. ಹೌದು ಅಂದ. ಗುಡಿ ಪೂಜಾರೀನ ಕೇಳಿದ. "ಮೊದಲ ನಾಣ್ಯ ದೇವ್ರಿಗೆ ಕೊಡಲಿಲ್ಲ ನೀವು, ಅದಕ್ಕೇ" ಅಂದ. ಅದಕ್ಕೂ ಹೌದು ಅಂದ. ಯಜಮಾನ ಬೋರಯ್ಯನ್ನ ಕೇಳಿದ. "ಕಣ್ಣೂ ಅಲ್ಲ, ದೇವ್ರೂ ಅಲ್ಲ. ಆ ಅಕ್ಕಸಾಲಿ ನಮಗೆ ಟೋಪಿ ಹಾಕವ್ನೆ" ಅಂದ. ಅದಕ್ಕೂ ಹೌದು ಅಂದ. ಮೂರು ಹೌದು ಸೇರಿ ಅವನ ತಲೇಲಿ ಕಾಳಗ ಶುರುವಾಯ್ತು. "ನಮ್ಮ ಕಂಬಳಿ ಕರಿದಾದಷ್ಟೂ ಬೆಲೆ ಜಾಸ್ತಿ. ಹಂಗಾದ್ರೆ ಬೆಳ್ಳೀನೂ ಕರಿದಾದ್ರೆ ಒಳ್ಳೇದೋ ಕೆಟ್ಟದ್ದೋ?" ಅಂತ ತನ್ನನ್ನೇ ಕೇಳ್ಕೊಂಡ.

ಸಾಹುಕಾರ ಚಾವಡೀಲಿ ಚೀಲ ಬಿಚ್ಚಿಕೊಂಡು ಕೂತಿದ್ದ. "ಅಯ್ಯೋ ಬಡವರಾ, ನಿಮಗೆ ಮೋಸ ಆಗೈತೆ. ನನ್ನ ಮನಸ್ಸು ತಡೀವಲ್ದು. ನಿಮ್ಮ ಕರೀದು ಕೊಡಿ, ನನ್ನ ಬಿಳೀದು ತಗೊಳ್ಳಿ, ಒಂದಕ್ಕೊಂದು. ನಾಕು ನಾಣ್ಯ ಬದಲಾಯಿಸಿದ್ದಕ್ಕೆ ಒಂದು ಕಂಬಳಿ ಕೊಟ್ರೆ ಸಾಕು, ಕುದುರೆ ಮೇವಿಗೆ."

ಜನ ಸಾಲು ನಿಂತರು. ಚಿತ್ತಯ್ಯನ ಹತ್ರ ಎರಡೇ ಕಂಬಳಿ ಇದ್ದವು. ಎರಡನ್ನೂ ಕೊಟ್ಟ. ಎಂಟು ನಾಣ್ಯ ಬದಲಾದವು, ನಾಕು ಕರೀವು ಉಳಿದವು.

ದ್ಯಾಮಕ್ಕ ಮನೆಗೆ ಬಂದು ಹಜಾರದಲ್ಲಿ ಕೂತಿದ್ದಳು. ಹುಣಿಸೆಹಣ್ಣಿನ ಬೀಜ ಬಿಡಿಸ್ತಿದ್ದಳು. ಕಂಬಳಿಗೆ ಹುಣಿಸೆ ಬೀಜದ ಗಂಜಿ ಹಾಕ್ತಾರಲ್ಲ, ಅದಕ್ಕೆ. ಚಿತ್ತಯ್ಯ ಬಂದು ಎಲ್ಲಾ ಹೇಳಿದ. ಹೇಳಿ, ನಾಕು ಕರೀ ನಾಣ್ಯ ನೆಲಕ್ಕೆ ಎಸೆದ.

"ನಾಕು ಕುರಿ ಹೋಯ್ತು ಕಣೇ. ಎಂಟಾದ್ರೂ ಉಳಿಸ್ಕೊಂಡು ಬಂದೆ."

"ಎರಡೂ ಕಂಬಳಿ ಕೊಟ್ಯಾ?"

"ಕೊಟ್ಟೆ."

ಆ ಎರಡು ಕಂಬಳಿಗೆ ದ್ಯಾಮಕ್ಕ ಒಂದು ಮಳೆಗಾಲ ಪೂರ್ತಿ ನೂಲು ತೆಗೆದಿದ್ದಳು. ಬಗ್ಗಿ, ಹುಣಿಸೆ ಮೆತ್ತಿದ ಕೈಯಲ್ಲೇ ಒಂದು ನಾಣ್ಯ ಎತ್ತಿಕೊಂಡಳು. ಬೇಜಾರಿಗೆ ಬೆರಳಲ್ಲಿ ತಿಕ್ಕುತ್ತಾ ಕೂತಳು. ಸ್ವಲ್ಪ ಹೊತ್ತಾದ ಮೇಲೆ ನೋಡ್ತಾಳೆ, ಹೆಬ್ಬೆರಳು ಆಡಿದ ಜಾಗ ಬೆಳ್ಳಗಾಗೈತೆ. ಅರ್ಧ ಬಿಳಿ, ಅರ್ಧ ಕರಿ.

"ಇದೇನೇ ಇದು? ಅರ್ಧ ನಿಜ, ಅರ್ಧ ಸುಳ್ಳಾ?" ಅಂದ ಚಿತ್ತಯ್ಯ.

"ತಡಿ" ಅಂದಳು. ಬೂದಿ ಹಾಕಿ ಪೂರ್ತಿ ತಿಕ್ಕಿದಳು. ನಾಣ್ಯ ಹೊಸದರ ಹಂಗಾಯ್ತು. ಈಗ ಚಿತ್ತಯ್ಯನ ಮುಂದೆ ಒಂಬತ್ತು ಬಿಳೀ ನಾಣ್ಯ. ಅವನು ಅಳೋದೊಂದು ಬಾಕಿ. "ಎಲ್ಲಾ ಬಿಳೀನೇ ಆದ್ವಲ್ಲೇ. ಈಗ ಯಾವುದು ಯಾವುದು?"

ದ್ಯಾಮಕ್ಕ ಕಣ್ಣು ಮುಚ್ಚಿದಳು. ನಲವತ್ತು ವರ್ಷ ಉಣ್ಣೇನ ಕೈಯಲ್ಲೇ ತೂಗಿದ ಹೆಂಗಸು ಅವಳು. ಒಂದು ಹಿಡಿ ಹೆಚ್ಚೋ ಕಮ್ಮಿಯೋ ಅಂತ ಅವಳ ಕೈಗೆ ಯಾವ ತಕ್ಕಡೀನೂ ಬೇಡ. ಎಡಗೈಲಿ ತಿಕ್ಕಿದ ನಾಣ್ಯ, ಬಲಗೈಲಿ ಸಾಹುಕಾರನ ನಾಣ್ಯ. ಒಂದು ಸಲ ತೂಗಿದಳು, ಎರಡು ಸಲ ತೂಗಿದಳು, ಮೂರನೇ ಸಲ ಕೈ ಬದಲಾಯಿಸಿ ತೂಗಿದಳು. ಸಾಹುಕಾರನದು ಪೊಳ್ಳು ಕಡಲೆಕಾಯಿ ಹಂಗೆ ಹಗುರ.

"ನಮ್ಮದೇ ಬೆಳ್ಳಿ" ಅಂದಳು. "ಉಣ್ಣೇಲಿಟ್ಟಿದ್ದಕ್ಕೆ ಮೇಲೆ ಕರಿ ಹತ್ತೈತೆ, ಅಷ್ಟೇ. ಅವನದು ಏನೋ ತಗಡು. ಕೊಟ್ಟದ್ದು ನಿಜವಾದದ್ದು, ತಂದದ್ದು ಸುಳ್ಳು."

ಚಿತ್ತಯ್ಯ ದೊಣ್ಣೆ ತಗೊಂಡ. ದ್ಯಾಮಕ್ಕ ಕಿತ್ಕೊಂಡಳು. "ನೀನು ಕೂಗಾಡಿದ್ರೆ ಅವನು ಕುದುರೆ ಹತ್ತುತಾನೆ. ನಿನ್ನ ಕಾಲು ಕುದುರೆ ಕಾಲಾ? ಯಜಮಾನ ಬೇರೆ ಅವನ ಕಡೆ ಅವ್ನೆ. ನೀನು ಸುಮ್ನೆ ನನ್ನ ಹಿಂದೆ ನಿಂತ್ಕೋ."

ಇಬ್ಬರೂ ಚಾವಡಿಗೆ ಹೋದರು. ಸಾಹುಕಾರ ಚೀಲದ ಬಾಯಿ ಕಟ್ಟುತಿದ್ದ. ಹಟ್ಟಿಯೋರೆಲ್ಲ ಅಲ್ಲೇ ಇದ್ದರು. ದ್ಯಾಮಕ್ಕ ಸೆರಗು ಹೊದ್ದು ಕೈ ಮುಗಿದಳು.

"ಸಾಹುಕಾರಪ್ಪ, ನಾನು ತಿಳೀದೋಳು. ಎಲ್ಲರ ಎದುರಿಗೆ ಒಂದು ಸಲ ಹೇಳಿ. ಯಾವುದು ನಿಜ?"

"ಬಿಳೀದು ಕಣವ್ವ."

"ಕರೀದು?"

"ಕಸ. ಕಾಸಿಗೂ ಬಾಳಲ್ಲ."

"ಮತ್ತೆ ಆ ಕಸಾನ ಏನು ಮಾಡ್ತೀರಿ?"

ಸಾಹುಕಾರ ಜನರ ಕಡೆ ನೋಡಿದ. ಎಲ್ಲರೂ ಅವನ ಬಾಯನ್ನೇ ನೋಡ್ತಿದ್ದರು. "ಹೊಳೆಗೆ ಹಾಕ್ತೀನಿ. ಇನ್ನೊಬ್ಬ ಬಡವಂಗೆ ಮೋಸ ಆಗಬಾರದಲ್ಲ" ಅಂದ.

"ನಿಮ್ಮದು ದೊಡ್ಡ ಮನಸ್ಸು" ಅಂದಳು ದ್ಯಾಮಕ್ಕ. "ಆದ್ರೆ ನನ್ನದು ಸಣ್ಣ ಮನಸ್ಸು. ಆ ಒಂದೊಂದರ ಹಿಂದೂ ನಾನು ನೇಯ್ದ ಒಂದೊಂದು ಕಂಬಳಿ ಐತೆ. ಹೊಳೆಗೆ ಹಾಕ್ತಾರೆ ಅಂದ್ರೆ ಹೊಟ್ಟೆ ಉರೀತದೆ. ನಿಮ್ಮ ಎಂಟು ನಿಜವಾದದ್ದು ನೀವೇ ತಗೊಳ್ಳಿ. ನನ್ನ ಎಂಟು ಕಸ ನನಗೆ ಕೊಡಿ. ಕಂಬಳಿ ಎರಡೂ ನಿಮಗೇ ಇರಲಿ."

ಸಾಹುಕಾರ ಚೀಲದ ಬಾಯಿ ಬಿಗಿಯಾಗಿ ಹಿಡ್ಕೊಂಡ. "ಯಾಕವ್ವ, ಒಳ್ಳೇದು ಬಿಟ್ಟು ಕೆಟ್ಟದ್ದು ಕೇಳ್ತೀಯ?"

"ಹುಚ್ಚು ಅನ್ಕೊಳ್ಳಿ."

"ಅದು ಧರ್ಮ ಅಲ್ಲ ಕಣವ್ವ. ನಿನಗೆ ನಷ್ಟ ಆಗ್ತದೆ."

"ನನ್ನ ನಷ್ಟ ನನಗಿರಲಿ. ನಿಮಗೇನು ನಷ್ಟ?"

ಈಗ ಯಜಮಾನ ಬೋರಯ್ಯಂಗೆ ತಲೆ ಕೆಟ್ಟಿತು. "ಕೊಟ್ಬಿಡಿ ಸಾಹುಕಾರ್ರೇ. ಹೊಳೆಗೆ ಹಾಕೋದು ಅವಳ ಮಡಿಲಿಗೆ ಹಾಕಿ. ಲಾಭ ನಿಮಗೇ ಅಲ್ವಾ?" ಅಂದ. ಪಾಪ, ಅವನು ಸಾಹುಕಾರಂಗೆ ಒಳ್ಳೇದು ಮಾಡ್ತಿದ್ದೀನಿ ಅಂತಲೇ ತಿಳಿದಿದ್ದ.

ಸಾಹುಕಾರ ಏನು ಮಾಡಬೇಕು? ಕೊಡಲ್ಲ ಅಂದ್ರೆ ಕಸಕ್ಕೆ ಯಾಕೆ ಇಷ್ಟು ಆಸೆ ಅಂತ ಕೇಳ್ತಾರೆ. ಕೊಟ್ರೆ ಬೆಳ್ಳಿ ಹೋಗ್ತದೆ. ಅವನ ಮಾತೇ ಅವನ ಕಾಲಿಗೆ ಸುತ್ಕೊಂಡಿತ್ತು. ಚೀಲ ಬಿಚ್ಚಿ ಎಂಟು ಕರೀ ನಾಣ್ಯ ಎಣಿಸಿ ಕೊಟ್ಟ. ದ್ಯಾಮಕ್ಕ ಒಂದೊಂದನ್ನೂ ಕೈಯಲ್ಲಿ ತೂಗಿ ಮಡಿಲಿಗೆ ಹಾಕಿಕೊಂಡಳು.

ಹಾಕಿಕೊಂಡು ಹಟ್ಟಿಯ ಹೆಂಗಸರ ಕಡೆ ತಿರುಗಿದಳು. "ನಂಗಂತೂ ಹುಚ್ಚು ಹಿಡಿದೈತೆ. ನಿಮಗೆ ಹಿಡಿದಿಲ್ವೇನ್ರೇ?" ಅಂದಳು. ಅಷ್ಟೇ ಅಂದದ್ದು. ದ್ಯಾಮಕ್ಕನ ಕೈ ತೂಕ ಆ ಹೆಂಗಸರಿಗೆ ಗೊತ್ತಿಲ್ವಾ? ಒಬ್ಬಳು ಎದ್ದಳು, ಇಬ್ಬರು ಎದ್ದರು, ಎಲ್ಲರೂ ಎದ್ದರು. ಗಂಡಸರು ಸೆರಗು ಹಿಡಿದು ಎಳೆದರು, "ಲೇ, ಕೆಟ್ಟ ಬುದ್ಧಿ ಬ್ಯಾಡ ಕಣೇ" ಅಂದರು. ಯಾರು ಕೇಳ್ತಾರೆ? ಹೊತ್ತು ಇಳಿಯೋದರೊಳಗೆ ಕರೀದೆಲ್ಲ ಹಟ್ಟಿಗೆ ಬಂತು, ಬಿಳೀದೆಲ್ಲ ಚೀಲಕ್ಕೆ ಹೋಯ್ತು. ಸಾಹುಕಾರ ತನ್ನ ತಗಡು ತಾನೇ ಹೊತ್ಕೊಂಡು ಕುದುರೆ ಹತ್ತಿದ. ತಿರುಗಿ ನೋಡಲಿಲ್ಲ. ಕಂಬಳಿಗಳು ಮಾತ್ರ ಅವನ ಹಿಂದೆ ಹೋದವು. ಅದಕ್ಕೆ ದ್ಯಾಮಕ್ಕ ಆಮೇಲೆ ಮನೇಲಿ ಅತ್ತಳು ಕೂಡ.

ಚಾವಡೀಲಿ ಗಂಡಸರೆಲ್ಲ ತಲೆ ಕೆರ್ಕೊಳ್ತಾ ಕೂತಿದ್ದರು. ದ್ಯಾಮಕ್ಕ ಒಂದು ಮುದ್ದೆ ಹುಣಿಸೆಹಣ್ಣು ತಂದು ಬೋರಯ್ಯನ ಕೈಲಿ ಕೊಟ್ಟು, "ತಿಕ್ಕಿ ನೋಡಿ ಯಜಮಾನ್ರೇ" ಅಂದು ಮನೆಗೆ ಹೋದಳು. ತಿಕ್ಕಿದ ಮೇಲೆ ಅವರೆಲ್ಲ ಏನು ಮಾತಾಡಿಕೊಂಡರೋ ನಂಗೊತ್ತಿಲ್ಲ. ಗಂಡಸರು ಅಂಥದ್ದನ್ನ ಹೊರಗೆ ಹೇಳಲ್ಲ.

ಮಾರನೇ ದಿನ ಬೆಳಿಗ್ಗೆ ಜಂಪಣ್ಣ ಮಂದೆ ಹೊಡ್ಕೊಂಡು ಬಂದ. ಹನ್ನೆರಡು ಕುರಿ ಬೇರೆ ಮಾಡಿ ನಿಲ್ಲಿಸಿದ. ದ್ಯಾಮಕ್ಕ ರಾತ್ರಿಯೆಲ್ಲ ಅತ್ತು ಮಲಗಿದ್ದಳಲ್ಲ, ಬೆಳಿಗ್ಗೆ ನಾಣ್ಯ ತಿಕ್ಕೋಕೆ ಹೊತ್ತು ಸಿಕ್ಕಿರಲಿಲ್ಲ. ತಿಕ್ಕಿದ ಒಂದು ಬಿಟ್ಟು ಉಳಿದ ಹನ್ನೊಂದೂ ಕರಿ. ಚಿತ್ತಯ್ಯ ಹಂಗೇ ತಂದು ಜಂಪಣ್ಣನ ಮುಂದೆ ಹಿಡಿದ.

ಜಂಪಣ್ಣ ಮೂಗು ಮುರಿದ. "ಏನೋ ಚಿತ್ತಯ್ಯ, ಕರೀ ನಾಣ್ಯ ಖೋಟಾ ಅಂತ ನಿನ್ನೆ ಯಜಮಾನ್ರು ಹೇಳಿದ್ರು. ಕರೀದೇ ತಂದಿದ್ದೀಯಲ್ಲ?"

ಹಟ್ಟಿಯೋರೆಲ್ಲ ಚಿತ್ತಯ್ಯನ ಕಡೆ ನೋಡಿದರು. ಹೌದು ಅಂತಾನಾ? ಇವನು ಯಾವತ್ತೂ ಹೌದು ಅಂದೋನೇ ಅಲ್ವಾ? ದ್ಯಾಮಕ್ಕ ಬಾಗಿಲಿಗೆ ಬಂದು ನಿಂತಳು.

"ಅಲ್ಲ" ಅಂದ ಚಿತ್ತಯ್ಯ.

"ಏನು ಅಲ್ಲ?"

"ಖೋಟಾ ಅಲ್ಲ. ಉಣ್ಣೇಲಿ ಇಟ್ಟಿದ್ವಿ, ಕರಿ ಹತ್ತೈತೆ. ನಿಜವಾದ ಬೆಳ್ಳಿಗೇ ಕರಿ ಹತ್ತೋದು ಜಂಪಣ್ಣ, ತಗಡಿಗೆ ಏನೂ ಹತ್ತಲ್ಲ. ತೂಗಿ ನೋಡು, ಸಾಲದಿದ್ರೆ ಮೋನಾಚಾರಿ ಹತ್ರ ಹೋಗಿ ಕರಗಿಸಿ ನೋಡು. ಕಮ್ಮಿ ಬಂದ್ರೆ ಕುರಿ ವಾಪಸ್ ಹೊಡ್ಕೊಂಡು ಬರ್ತೀನಿ."

ಜಂಪಣ್ಣ ನಾಣ್ಯಗಳನ್ನ ಕೈಯಲ್ಲಿ ಕುಲುಕಿದ, ಚಿತ್ತಯ್ಯನ ಮುಖ ನೋಡಿದ. ಸೊಂಟಕ್ಕೆ ಕಟ್ಟಿಕೊಂಡ. ಹನ್ನೆರಡು ಕುರಿ ಚಿತ್ತಯ್ಯನ ಬಾಗಿಲ ಕಡೆ ತಿರುಗಿದವು. ದ್ಯಾಮಕ್ಕ ಕುರಿಗಳನ್ನ ನೋಡಲಿಲ್ಲ, ಗಂಡನ್ನೇ ನೋಡ್ತಾ ನಿಂತಿದ್ದಳು. ಮದುವೆಯಾಗಿ ಅಷ್ಟು ವರ್ಷಕ್ಕೆ ಅವನ ಬಾಯಲ್ಲಿ "ಅಲ್ಲ" ಅನ್ನೋ ಮಾತು ಅವಳು ಕೇಳಿದ್ದು ಅದೇ ಮೊದಲು.

ಅವರ ಕುರಿ ಅವರ ಬಾಗಿಲಿಗೆ ಸೇರಿತು, ನನ್ನ ಮಾತು ನಿಮ್ಮ ಕಿವಿಗೆ ಸೇರಿತು. ಹೂಂ ಅಂದೋರಿಗೆ ಒಳ್ಳೇದಾಗ್ಲಿ, ನಿದ್ದೆ ಮಾಡಿದೋರಿಗೂ ಆಗ್ಲಿ. ಏಳಿ, ನಿಮ್ಮ ನಿಮ್ಮ ಕೆಲಸ ನೋಡ್ಕೊಳ್ಳಿ.